ಬಿಸಿಲೂರಿನ ಕಾರು ಮತ್ತು ಒಂಬತ್ತನೇ ತರಗತಿಯ ಒಂದು ಪ್ರಶ್ನೆ



ಜೀವಮಾನದಲ್ಲಿ ನಾನು ಒಡೆಯನಾಗಿದ್ದುದು ಒಂದು ಸೈಕಲ್ಲಿಗೆ, ಒಂದು ಸ್ಕೂಟರಿಗೆ ಮತ್ತು ನಿವೃತ್ತಿಗೆ ಕೆಲವು ವರ್ಷ ಮುನ್ನ ಇನ್ನೊಬ್ಬರಿಂದ ಕೊಂಡ ಒಂದು ಹಳೆಯ ಕಾರಿಗೆ ಮಾತ್ರ. ಅಂಥವನು ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನು ಬಿಸಿಲ ನಾಡಿನಲ್ಲಿ ತಂಪಾಗಿಡುವ ಬಗೆಯನ್ನು ಕುರಿತು ಬರೆಯಹೊರಟರೆ ನಿಮಗೆ ನಗು ಬರುವುದು ಸಹಜ. ಅರವತ್ತೇಳರ ವಯಸ್ಸಿನಲ್ಲಿ ಮೇಷ್ಟ್ರಿಗೆ ಹೊಸ ಹುಚ್ಚು ಹಿಡಿಯಿತೆಂದುಕೊಂಡರೂ ಅಡ್ಡಿಯಿಲ್ಲ. ಆದರೆ ಈ ಬರಹಕ್ಕೆ ಕಾರಣ ಕಾರಿನ ಮೋಹವಲ್ಲ. ಮೂವತ್ತು ವರ್ಷಗಳಿಗೂ ಹಿಂದೆ ತರಗತಿಯಲ್ಲಿ ನಾನು ಹೇಳಿಕೊಟ್ಟಿದ್ದ ಒಂದು ತಪ್ಪು ಪಾಠವು ಒಂದು ಕಾರಿನ ಬಾನೆಟ್ಟಿನ ಕೆಳಗೆ ನನಗೆ ಎದುರಾಯಿತು. ಅದನ್ನು ಹೇಳಿಕೊಳ್ಳಬೇಕಾಗಿದೆ. ಜೊತೆಗೆ, ಎಂಜಿನ್ನು ಬಿಸಿಯಾದೊಡನೆ ಅಂಗಡಿಗೆ ಓಡಿ ದೊಡ್ಡ ರೇಡಿಯೇಟರನ್ನು ಕೊಳ್ಳುವವರ ಬಗೆಗೆ ನನಗೊಂದು ಅಭಿಪ್ರಾಯವೂ ಮೂಡಿದೆ.

2023ರ ಜೂನ್ ತಿಂಗಳಿನಲ್ಲಿ ಮಗಳ ಬಾಣಂತನದ ನಿಮಿತ್ತ ನಾವಿಬ್ಬರೂ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರಕ್ಕೆ ಹೋಗಿದ್ದೆವು. ರಾಯಚೂರು ಜಿಲ್ಲೆಯಲ್ಲಿ ಇಪ್ಪತ್ತೆಂಟು ಬೇಸಿಗೆಗಳನ್ನು ಕಳೆದವನಿಗೆ ಬಿಸಿಲೆಂಬುದು ಹೊಸತೇ ಎಂಬ ಗರ್ವ ನನ್ನಲ್ಲಿತ್ತು. ಆ ಗರ್ವ ವಿಮಾನ ನಿಲ್ದಾಣದ ಬಾಗಿಲಿನಲ್ಲಿಯೇ ಇಳಿದುಹೋಯಿತು. ಆ ವರ್ಷ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನಗಳ ಕಾಲ ಅಲ್ಲಿಯ ಗರಿಷ್ಠ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗಿಳಿಯಲೇ ಇಲ್ಲ. ಕೆಲವು ದಿನ 48ನ್ನೂ ದಾಟಿತು. ನಮ್ಮಲ್ಲಾದರೆ ಮೇ ತಿಂಗಳಿನ ಕೊನೆಗೊಂದು ಗುಡುಗಿನ ಮಳೆ ಬಂದು ನೆಲ ತಣಿಯುತ್ತದೆ. ಅಲ್ಲಿ ರಾತ್ರಿ ಹತ್ತು ಗಂಟೆಗೆ ಗೋಡೆಯನ್ನು ಮುಟ್ಟಿದರೂ ರೊಟ್ಟಿಯ ಹೆಂಚನ್ನು ಮುಟ್ಟಿದಂತಾಗುತ್ತಿತ್ತು.

ನಾವು ಬಂದಿರುವುದನ್ನು ತಿಳಿದು ಆ ಊರಿನಲ್ಲಿಯೇ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಒಂದು ಸಂಜೆ ಮನೆಗೆ ಬಂದ. ಹೆಸರು ಹೇಳುವುದಿಲ್ಲ, ಅವನ ಸಹಪಾಠಿಗಳು ಊಹಿಸಿಕೊಳ್ಳುತ್ತಾರೆ. ಬಂದದ್ದು ಆಟಿಕೆಯಂತೆ ಕಾಣುವ ಇಬ್ಬರು ಕೂರುವ ಪುಟ್ಟ ಕೆಂಪು ಕಾರಿನಲ್ಲಿ. ಅದು ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ ಎಂದು ಪ್ರಸಿದ್ಧವಾದ ತೆರೆದ ಚಾವಣಿಯ ಸ್ಪೋರ್ಟ್ಸ್ ಕಾರು. 1989ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಮಾದರಿ. ಇವನದು 1990ರದು, 1.6 ಲೀಟರಿನ ಎಂಜಿನ್ನಿನದು. “ಸರ್, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹುಟ್ಟಿದ ಗಾಡಿ ಇದು” ಎಂದು ಅದರ ಬೆನ್ನು ತಟ್ಟಿದ. ಮಗಳು ಮೇಲಿನ ಕಿಟಕಿಯಿಂದ ನೋಡಿ, “ಅಪ್ಪನನ್ನು ಅದರಲ್ಲಿ ಕೂರಿಸಬೇಡಿ, ಎಬ್ಬಿಸಲು ಕ್ರೇನು ಬೇಕಾಗುತ್ತದೆ” ಎಂದಳು.

ಕಾರಿನ ದುಃಖವನ್ನು ಅವನು ನನ್ನಲ್ಲಿ ತೋಡಿಕೊಂಡ. ಊರೊಳಗೆ ಓಡಾಡುವಾಗ ಎಲ್ಲವೂ ಸರಿಯಾಗಿರುತ್ತದೆ. ಆದರೆ ಫೀನಿಕ್ಸಿನಿಂದ ಉತ್ತರಕ್ಕೆ ಫ್ಲಾಗ್‌ಸ್ಟಾಫ್ ಪಟ್ಟಣದತ್ತ ಹೆದ್ದಾರಿಯನ್ನು ಹಿಡಿದು ಘಟ್ಟವೇರತೊಡಗಿದರೆ ಎಂಜಿನ್ನಿನ ಉಷ್ಣತೆ ಏರುತ್ತಲೇ ಹೋಗುತ್ತದೆ. ಫೀನಿಕ್ಸ್ ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದ್ದರೆ ಫ್ಲಾಗ್‌ಸ್ಟಾಫ್ ಸುಮಾರು 2100 ಮೀಟರ್ ಎತ್ತರದಲ್ಲಿದೆ. ಅಮೆರಿಕದ ಮರುಭೂಮಿಯ ಘಟ್ಟದ ಹೆದ್ದಾರಿಗಳಲ್ಲಿ ಕೆಲವೆಡೆ ಎಂಜಿನ್ ಬಿಸಿಯಾಗದಂತೆ ಏಸಿಯನ್ನು ಆರಿಸಿರೆಂದು ಫಲಕಗಳನ್ನೇ ಹಾಕಿರುತ್ತಾರೆ. ರೇಡಿಯೇಟರಿಗೆಂದು ನೀರಿನ ತೊಟ್ಟಿಗಳನ್ನು ಇಟ್ಟಿರುವ ಕಡೆಗಳೂ ಉಂಟು. ನಮ್ಮ ಬಸ್ಸಿನ ಡ್ರೈವರುಗಳು ಸೀಟಿನ ಹಿಂದೆ ನೀರಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದುದು ನೆನಪಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಗಾಬರಿಯಾಗಬೇಡಿ, ಪರೀಕ್ಷೆ ಇಲ್ಲ. ರೇಡಿಯೇಟರು ಎಷ್ಟು ಶಾಖವನ್ನು ಹೊರಹಾಕಬಲ್ಲದೆಂಬುದು ಅದರೊಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನೀರು 90 ಡಿಗ್ರಿಯಲ್ಲಿ, ಗಾಳಿ 15 ಡಿಗ್ರಿಯಲ್ಲಿ ಇದ್ದರೆ ಅಂತರ 75. ಗಾಳಿ 46 ಡಿಗ್ರಿಯಲ್ಲಿದ್ದರೆ ಅಂತರ 44 ಮಾತ್ರ. ಅಂದರೆ ಅದೇ ರೇಡಿಯೇಟರು, ಅದೇ ಗಾಳಿಯ ವೇಗ, ಆದರೆ ಕೆಲಸ ಮಾತ್ರ ನೂರಕ್ಕೆ 59ರಷ್ಟು. ಇದರ ಮೇಲೆ ಏಸಿಯ ಕಂಡೆನ್ಸರು ರೇಡಿಯೇಟರಿನ ಮುಂದೆ ಕುಳಿತಿರುತ್ತದೆ. ಅದು ಗಾಳಿಯನ್ನು ಇನ್ನೊಂದು ಹತ್ತು ಡಿಗ್ರಿ ಬಿಸಿಮಾಡಿ ದಾಟಿಸಿತೆನ್ನಿ. ಅಂತರ 34ಕ್ಕೆ ಇಳಿದು ಕೆಲಸ ಅರ್ಧಕ್ಕೂ ಕಡಿಮೆಯಾಯಿತು. ಘಟ್ಟವನ್ನು ಏರಿದಂತೆ ಗಾಳಿ ತೆಳುವಾಗಿ ಅದು ಹೊತ್ತೊಯ್ಯುವ ಶಾಖವೂ ಕಡಿಮೆಯಾಗುತ್ತದೆ. ತಂಪು ನಾಡಿನಲ್ಲಿ ಕಾರಿಗೆ ಇದ್ದ ಮಿಗುತಾಯವೆಲ್ಲ ಬಿಸಿಲ ನಾಡಿನಲ್ಲಿ ಹೀಗೆ ಸೋರಿಹೋಗುತ್ತದೆ. ಸಣ್ಣಪುಟ್ಟ ಕೊರತೆಗಳು ಬೇರೆಡೆ ಮುಚ್ಚಿಹೋಗುತ್ತವೆ, ಇಲ್ಲಿ ಎದ್ದು ಕಾಣುತ್ತವೆ.

ನನ್ನ ಶಿಷ್ಯ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ಅಂಗಡಿಗೆ ಹೋದ. ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪು ಬಣ್ಣ ಕಳೆದುಕೊಂಡು ಕಂದಾಗಿತ್ತು. ಅದು ಮುಪ್ಪಿನ ಲಕ್ಷಣ. ಯಾವ ಗಳಿಗೆಯಲ್ಲಾದರೂ ಬಿರುಕು ಬಿಡುವಂಥದು. ಬದಲಿಸಿದ್ದು ಸರಿಯೇ. ಆದರೆ ಅಂಗಡಿಯವರು ಸಿಕ್ಕಿದ್ದರಲ್ಲೆಲ್ಲ ದಪ್ಪನೆಯ ಅಲ್ಯೂಮಿನಿಯಂ ರೇಡಿಯೇಟರನ್ನು ಕೂರಿಸಿ, ದಪ್ಪವಿದ್ದಷ್ಟೂ ತಂಪು ಎಂದು ಹೇಳಿ ಕಳುಹಿಸಿದರು. ಇವನು ಹಣ ಕೊಟ್ಟು ಬಂದ. ಘಟ್ಟದಲ್ಲಿ ಉಷ್ಣತೆ ಮೊದಲಿನಂತೆಯೇ ಏರಿತು.

ದಪ್ಪವಾದಷ್ಟೂ ತಂಪು ಎಂಬುದು ಅರ್ಧಸತ್ಯ. ರೇಡಿಯೇಟರಿನ ಮುಂಭಾಗವನ್ನು ದಾಟುವಷ್ಟರಲ್ಲಿಯೇ ಗಾಳಿ ಬಿಸಿಯಾಗಿರುತ್ತದೆ. ಹಿಂಭಾಗದ ಸಾಲಿಗೆ ಸಿಗುವುದು ಎಂಜಲು ಗಾಳಿ. ಅಲ್ಲದೆ ದಪ್ಪವಾದಂತೆ ಗಾಳಿಗೆ ಅಡ್ಡಿಯೂ ಹೆಚ್ಚುತ್ತದೆ. ಗಾಳಿಯನ್ನು ಸರಿಯಾಗಿ ಒಳಗೆ ನುಗ್ಗಿಸಿ ಸರಿಯಾಗಿ ಹೊರಗೆ ಬಿಡುವ ವ್ಯವಸ್ಥೆಯಿಲ್ಲದಿದ್ದರೆ ಎಷ್ಟು ದಪ್ಪನೆಯ ರೇಡಿಯೇಟರಾದರೂ ಕಪಾಟಿನಲ್ಲಿಟ್ಟ ಪುಸ್ತಕದಂತೆಯೇ.

ಮುಂದಿನ ಎರಡು ಮೂರು ವಾರ ನಾನು ಅವನ ಗ್ಯಾರೇಜಿನಲ್ಲಿ ಟಾರ್ಚು ಹಿಡಿಯುವ ಸಹಾಯಕನಾದೆ. ಹಗಲು ಕೆಲಸ ಅಸಾಧ್ಯ. ರಾತ್ರಿ ಊಟವಾದ ಮೇಲೆ ಅವನು ಬಂದು ನನ್ನನ್ನು ಕರೆದೊಯ್ಯುತ್ತಿದ್ದ. (ಮೊಮ್ಮಗನನ್ನು ತೂಗಲು ಕರೆದರೆ ಸೊಂಟನೋವು, ಗ್ಯಾರೇಜಿನಲ್ಲಿ ನೆಲದ ಮೇಲೆ ಕೂರಲು ಮಾತ್ರ ಇಲ್ಲ ಎಂಬ ಮಾತನ್ನು ಮನೆಯಾಕೆಯಿಂದ ಕೇಳಬೇಕಾಯಿತು.) ಕಾರನ್ನು ಎತ್ತಿ ಕೆಳಗೆ ಬಗ್ಗಿ ನೋಡಿದಾಗ ನನಗಾದರೂ ತಿಳಿಯದ ಸಂಗತಿ ಅವನಿಗೆ ತಿಳಿಯಿತು: ಎಂಜಿನ್ನಿನ ಅಡಿಯಲ್ಲಿರಬೇಕಾದ ಪ್ಲಾಸ್ಟಿಕ್ ತಟ್ಟೆಯೇ ಇಲ್ಲ! ಹಿಂದಿನ ಯಾವನೋ ಒಡೆಯ ಆಯಿಲ್ ಬದಲಿಸುವಾಗ ಬಿಚ್ಚಿ, ಮತ್ತೆ ಹಾಕುವ ಗೋಜಿಗೆ ಹೋಗಿರಲಿಲ್ಲ.

ಈ ತಟ್ಟೆಯ ಮಹಿಮೆಯನ್ನು ಸ್ವಲ್ಪ ವಿವರಿಸಬೇಕು. ಕಾರಿನ ಮೂತಿಯಲ್ಲಿರುವ ಬಾಯಿಯಿಂದ ಗಾಳಿ ಒಳಹೊಕ್ಕು, ರೇಡಿಯೇಟರನ್ನು ದಾಟಿ, ಎಂಜಿನ್ನಿನ ಸುತ್ತ ಹಾದು, ಕೆಳಗಿನಿಂದ ಹೊರಬೀಳಬೇಕು. ತಟ್ಟೆಯಿಲ್ಲದಿದ್ದರೆ ವೇಗವಾಗಿ ಹೋಗುವಾಗ ಕಾರಿನ ಅಡಿಯಿಂದಲೂ ಗಾಳಿ ಮೇಲಕ್ಕೆ ನುಗ್ಗಿ ಎಂಜಿನ್ನಿನ ಗೂಡಿನೊಳಗೆ ಒತ್ತಡವನ್ನು ಹೆಚ್ಚಿಸುತ್ತದೆ. ರೇಡಿಯೇಟರಿನ ಮುಂದೆಯೂ ಹಿಂದೆಯೂ ಒತ್ತಡ ಸರಿಸಮವಾಗುತ್ತ ಬಂದರೆ ಅದರ ಮೂಲಕ ಗಾಳಿ ಏಕೆ ಹಾಯ್ದೀತು? ನಮ್ಮ ಶಾಲೆಯ ಹಳೆಯ ಕಟ್ಟಡದ ಮೂಲೆಯ ಕೋಣೆ ನಿಮಗೆ ನೆನಪಿರಬಹುದು. ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿಗಳಿದ್ದರೂ ಎದುರು ಗೋಡೆ ಮುಚ್ಚಿದ್ದರಿಂದ ಒಳಗೆ ಒಂದೆಲೆಯೂ ಅಲುಗುತ್ತಿರಲಿಲ್ಲ. ಅದೇ ತತ್ತ್ವ. ಊರೊಳಗೆ ನಿಧಾನವಾಗಿ ಹೋಗುವಾಗ ವಿದ್ಯುತ್ ಫ್ಯಾನು ಗಾಳಿಯನ್ನು ಎಳೆಯುವುದರಿಂದ ಈ ಕೊರತೆ ಗೊತ್ತಾಗದು. ಹೆದ್ದಾರಿಯಲ್ಲಿ ಫ್ಯಾನಿನ ಪಾತ್ರ ತೀರ ಕಡಿಮೆ; ಅಲ್ಲಿ ಗಾಳಿಯ ದಾರಿಯೇ ಎಲ್ಲವೂ. ನಿಂತಾಗ ಬಿಸಿಯಾದರೆ ಫ್ಯಾನನ್ನು ಶಂಕಿಸಬೇಕು, ಓಡುವಾಗ ಬಿಸಿಯಾದರೆ ಗಾಳಿಯ ದಾರಿಯನ್ನೂ ನೀರಿನ ದಾರಿಯನ್ನೂ ಶಂಕಿಸಬೇಕೆಂದು ಅವನು ಹೇಳಿದ. ವೈದ್ಯರು ನಾಡಿ ನೋಡಿ ಕೇಳುವ ಪ್ರಶ್ನೆಯಂತಿತ್ತು ಅದು.

ಇನ್ನೊಂದು ಕೊರತೆ ರೇಡಿಯೇಟರಿನ ಅಕ್ಕಪಕ್ಕದ ಸಂದುಗಳದ್ದು. ಗಾಳಿಯೂ ನೀರಿನಂತೆಯೇ ಸುಲಭದ ದಾರಿ ಹಿಡಿಯುವ ಸೋಮಾರಿ. ಪಕ್ಕದಲ್ಲಿ ಎರಡು ಬೆರಳಿನ ಸಂದಿದ್ದರೆ ರೇಡಿಯೇಟರಿನ ಸೂಕ್ಷ್ಮ ರೆಕ್ಕೆಗಳ ನಡುವೆ ನುಸುಳುವ ಕಷ್ಟವನ್ನು ಅದು ಪಡುವುದಿಲ್ಲ. ಹಾಸಿಗೆಯಲ್ಲಿ ಬಳಸುವಂಥ ಫೋಮಿನ ಪಟ್ಟಿಗಳನ್ನು ಕತ್ತರಿಸಿ ನಾವು ಆ ಸಂದುಗಳನ್ನೆಲ್ಲ ಮುಚ್ಚಿದೆವು. ಹೊಸ ತಟ್ಟೆಗೂ ಫೋಮಿಗೂ ಸೇರಿ ಆದ ಖರ್ಚು ಆ ದಪ್ಪ ರೇಡಿಯೇಟರಿನ ಬೆಲೆಯ ಒಂದು ಸಣ್ಣ ಪಾಲು. ಮುಂದಿನ ಭಾನುವಾರ ಘಟ್ಟಕ್ಕೆ ಹೋಗಿಬಂದಾಗ, ಅವನು ಪ್ರತ್ಯೇಕವಾಗಿ ಜೋಡಿಸಿಕೊಂಡಿದ್ದ ಅಂಕಿ ತೋರಿಸುವ ಮಾಪಕದಲ್ಲಿ ಹಿಂದೆ 109 ಡಿಗ್ರಿ ಮುಟ್ಟುತ್ತಿದ್ದ ಕಡೆಯಲ್ಲಿ 101 ಇತ್ತು. ಪ್ರತ್ಯೇಕ ಮಾಪಕವೇಕೆಂದರೆ, ಇತ್ತೀಚಿನ ಹಲವು ಕಾರುಗಳ ಮುಳ್ಳು ಸತ್ಯವನ್ನು ಹೇಳುವುದಿಲ್ಲ. ಜನ ಗಾಬರಿಯಾಗಬಾರದೆಂದು ಬಹಳಷ್ಟು ಡಿಗ್ರಿಗಳ ಅಂತರದಲ್ಲಿ ಅದು ನಡುವಿನಲ್ಲಿಯೇ ನಿಂತಿರುವಂತೆ ಮಾಡಿರುತ್ತಾರೆ. ಅಲುಗುವ ವೇಳೆಗೆ ಹೊತ್ತು ಮೀರಿರುತ್ತದೆ.

ದ್ರವದ ವಿಷಯವನ್ನು ಬೇಗ ಮುಗಿಸುತ್ತೇನೆ. ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಂಗೆ 4.2 ಕಿಲೋಜೂಲ್ ಎಂದು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಎಥಿಲೀನ್ ಗ್ಲೈಕಾಲ್ ಅರ್ಧಕ್ಕರ್ಧ ಬೆರೆತ ಕೂಲೆಂಟಿನದು ಸುಮಾರು 3.5. ಹೆಪ್ಪುಗಟ್ಟುವ ಭಯವಿರುವ ನಾಡಿಗೆ ಅರ್ಧಕ್ಕರ್ಧ ಸರಿ. ಬಿಸಿಲ ನಾಡಿಗೆ ಮೂರನೇ ಒಂದು ಪಾಲು ಕೂಲೆಂಟು, ಉಳಿದದ್ದು ಭಟ್ಟಿ ಇಳಿಸಿದ ನೀರು ಎಂಬ ಅವನ ನಿರ್ಧಾರ ನನಗೆ ಒಪ್ಪಿಗೆಯಾಯಿತು. ಕೂಲೆಂಟನ್ನು ಪೂರ್ತಿ ಬಿಡುವಂತಿಲ್ಲ, ಏಕೆಂದರೆ ತುಕ್ಕನ್ನು ತಡೆಯುವ ರಾಸಾಯನಿಕಗಳು ಅದರಲ್ಲಿಯೇ ಇರುವುದು. ಫೀನಿಕ್ಸಿನ ನಲ್ಲಿ ನೀರು ನಮ್ಮ ರಾಯಚೂರಿನ ಬೋರ್‌ವೆಲ್ಲಿನ ನೀರಿನ ತಂಗಿ: ಗಡಸು. ಅದನ್ನು ಸುರಿದರೆ ಕಾಫಿ ಪಾತ್ರೆಯ ತಳದಂತೆ ಎಂಜಿನ್ನಿನೊಳಗೆ ಸುಣ್ಣ ಕಟ್ಟುತ್ತದೆ. ರೇಡಿಯೇಟರಿನ ಮುಚ್ಚಳವನ್ನೂ ಅಲಕ್ಷಿಸಬಾರದು. 0.9 ಬಾರ್ ಒತ್ತಡವನ್ನು ಹಿಡಿದಿಡುವ ಮುಚ್ಚಳವಿದ್ದರೆ ಸಮುದ್ರಮಟ್ಟದಲ್ಲಿ ಬರಿಯ ನೀರೂ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅದೇ ಮುಚ್ಚಳದ ರಬ್ಬರು ಸವೆದಿದ್ದರೆ ಫ್ಲಾಗ್‌ಸ್ಟಾಫಿನ ಎತ್ತರದಲ್ಲಿ 93 ಡಿಗ್ರಿಗೇ ಕುದಿಯುತ್ತದೆ. ಕೆಲವೇ ಡಾಲರಿನ ಮುಚ್ಚಳ.

ಈಗ ಥರ್ಮೋಸ್ಟಾಟಿಗೆ ಬರೋಣ. ನನ್ನ ಮುಖ್ಯ ಮಾತು ಇರುವುದು ಇಲ್ಲಿಯೇ.

ನಮ್ಮ ಸೀಮೆಯಲ್ಲಿ ಎಂಜಿನ್ ಬಿಸಿಯಾಗುತ್ತದೆಂದು ಹೇಳಿದರೆ ಮೆಕ್ಯಾನಿಕ್ಕು ಮೊದಲು ಮಾಡುವುದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ಕೆಲಸ. “ಇದು ಚಳಿದೇಶದವರಿಗೆ ಸಾರ್, ನಮಗ್ಯಾಕೆ” ಎಂಬ ವೇದಾಂತ ಬೇರೆ. ನನ್ನ ಹಳೆಯ ಕಾರಿಗೂ ಒಬ್ಬರು ಹೀಗೆಯೇ ಮಾಡಿದರು. ಚಳಿಗಾಲದ ಬೆಳಗಿನಲ್ಲಿ ಅದು ಹತ್ತು ಕಿಲೋಮೀಟರ್ ಹೋದರೂ ಬಿಸಿಯಾಗದೆ ಪೆಟ್ರೋಲನ್ನು ಕುಡಿಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಮೊದಲಿಗಿಂತಲೂ ಹೆಚ್ಚು ಕಾಯುತ್ತಿತ್ತು. ಈ ಎರಡನೆಯದು ನನಗೆ ಬಹುಕಾಲ ಒಗಟಾಗಿತ್ತು. ಅಡ್ಡಿಯನ್ನು ತೆಗೆದ ಮೇಲೆ ನೀರು ಹೆಚ್ಚು ಹರಿಯಬೇಕು, ಎಂಜಿನ್ನು ತಣ್ಣಗಾಗಬೇಕು, ಬದಲಿಗೆ ಕಾಯುವುದೇಕೆ? ಇದಕ್ಕೆ ಲೋಕದಲ್ಲಿ ಪ್ರಚಲಿತವಿರುವ ಉತ್ತರವನ್ನೇ ನಾನೂ ನಂಬಿದ್ದೆ: ನೀರು ಅತಿವೇಗವಾಗಿ ಓಡಿದರೆ ರೇಡಿಯೇಟರಿನಲ್ಲಿ ತಣಿಯಲು ಅದಕ್ಕೆ ಸಮಯ ಸಿಗುವುದಿಲ್ಲ, ನಿಧಾನವಾಗಿ ಹರಿದರೆ ಚೆನ್ನಾಗಿ ಶಾಖವನ್ನು ಹೀರಿ ಚೆನ್ನಾಗಿ ಬಿಡುತ್ತದೆ. ನಂಬಿದ್ದಷ್ಟೇ ಅಲ್ಲ, 1991ರಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕರೆದೊಯ್ದು ಕೃಷ್ಣಾ ನದಿಯ ನೀರಿನಿಂದ ಯಂತ್ರಗಳನ್ನು ತಂಪುಗೊಳಿಸುವುದನ್ನು ತೋರಿಸಿ ಬಂದ ಮರುದಿನ, ಕರಿಹಲಗೆಯ ಮೇಲೆ ಆ ವಾಕ್ಯವನ್ನು ಬರೆದು ಎಲ್ಲರ ಕೈಯಲ್ಲೂ ನಕಲು ಮಾಡಿಸಿದ್ದೆ.

ಗ್ಯಾರೇಜಿನಲ್ಲಿ ನಾನು ಅದನ್ನೇ ಉಪದೇಶಿಸಿದೆ. “ನೀರಿನ ದಾರಿಯನ್ನು ಸ್ವಲ್ಪ ಕಿರಿದು ಮಾಡಿ ನೋಡು, ನಿಧಾನವಾಗಿ ಹರಿಯಲಿ” ಎಂದೆ. ಅವನು ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು, ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಬಹಳ ವಿನಯದಿಂದಲೇ ಹೇಳಿದ: “ಸರ್, ಅವತ್ತು ನಾನೊಂದು ಪ್ರಶ್ನೆ ಕೇಳಿದ್ದೆ. ನಿಧಾನವಾಗಿ ಹೋಗುವ ನೀರು ಮೊದಲೇ ಬಿಸಿಯಾಗಿಬಿಟ್ಟರೆ, ಕೊನೆಗೆ ಸಿಗುವ ಯಂತ್ರಕ್ಕೆ ತಂಪು ನೀರು ಎಲ್ಲಿಂದ ಬರುತ್ತದೆ ಅಂತ. ನೀವು ಕುಳಿತುಕೋ ಅಂದಿರಿ.”

ನನಗೆ ನೆನಪಿರಲಿಲ್ಲ. ಅವನಿಗೆ ನೆನಪಿತ್ತು. ಬರಿಯ ಕುಳಿತುಕೋ ಎಂದಷ್ಟೇ ಹೇಳಿರಲಾರೆನೆಂದು ನನ್ನ ಆ ಕಾಲದ ಸ್ವಭಾವವನ್ನು ಬಲ್ಲ ನೀವು ಊಹಿಸಬಲ್ಲಿರಿ. ಅವನು ಉಳಿದದ್ದನ್ನು ಹೇಳದೆ ಬಿಟ್ಟ.

ಆ ರಾತ್ರಿ ಮಗಳ ಮನೆಯ ಊಟದ ಮೇಜಿನ ಮೇಲೆ ಕಾಗದ ಹಿಡಿದು ಲೆಕ್ಕ ಮಾಡಿದೆ. ಘಟ್ಟವೇರುವಾಗ ಎಂಜಿನ್ನು ನೀರಿಗೆ 30 ಕಿಲೋವ್ಯಾಟ್ ಶಾಖವನ್ನು ಕೊಡುತ್ತದೆಂದು ಲೆಕ್ಕಕ್ಕಾಗಿ ಹಿಡಿಯಿರಿ. ಸೆಕೆಂಡಿಗೆ ಒಂದು ಲೀಟರ್ ನೀರು ಹರಿದರೆ ಆ ನೀರು ಸುಮಾರು 7 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ. ಅರ್ಧ ಲೀಟರ್ ಹರಿದರೆ 14 ಡಿಗ್ರಿ. ನಿಧಾನದ ನೀರು ಹೆಚ್ಚು ಬಿಸಿಯಾಗುತ್ತದೆಂಬುದು ನಿಜ. ನಾನು ಮೋಸಹೋದದ್ದು ಅಲ್ಲಿಯೇ. ಪ್ರತಿ ಲೀಟರು ಹೆಚ್ಚು ಹೊರುತ್ತದೆ, ಆದರೆ ಹೊರುವ ಲೀಟರುಗಳ ಸಂಖ್ಯೆ ಅರ್ಧವಾಗಿದೆ. ಒಟ್ಟು ಹೊರೆಯಲ್ಲಿ ಲಾಭವಿಲ್ಲ, ನಷ್ಟವಿದೆ. ಎಂಜಿನ್ನಿಗೆ 88 ಡಿಗ್ರಿಯಲ್ಲಿ ಹೊಕ್ಕ ನೀರು ಮೊದಲನೆಯ ಸಂದರ್ಭದಲ್ಲಿ 95ರಲ್ಲಿ ಹೊರಬಂದರೆ ಎರಡನೆಯದರಲ್ಲಿ 102ರಲ್ಲಿ ಹೊರಬರುತ್ತದೆ. ಕೊನೆಯಲ್ಲಿರುವ ಸಿಲಿಂಡರಿಗೆ ಸಿಗುವುದು ಆ ಕಾದ ನೀರೇ. ರೇಡಿಯೇಟರಿನಲ್ಲಿಯೂ ಅಷ್ಟೆ. 100 ಡಿಗ್ರಿಯಲ್ಲಿ ಹೊಕ್ಕ ನೀರು ವೇಗವಾಗಿ ಹಾದರೆ ಇಡೀ ರೇಡಿಯೇಟರು 100ಕ್ಕೂ 93ಕ್ಕೂ ನಡುವೆ ಬಿಸಿಯಾಗಿದ್ದು ಗಾಳಿಗೆ ಹೆಚ್ಚು ಶಾಖ ಬಿಡುತ್ತದೆ. ನಿಧಾನವಾಗಿ ಹಾದರೆ ಕೆಳಭಾಗವು 86ಕ್ಕೆ ಇಳಿದು ಬಿಡುವ ಶಾಖ ಕಡಿಮೆಯಾಗುತ್ತದೆ. ಸಮಯ ಸಿಗುವುದಿಲ್ಲವೆಂಬ ಮಾತಂತೂ ಹಾಸ್ಯಾಸ್ಪದ. ಅದೇ ನೀರು ಸುತ್ತುತ್ತಿರುವಾಗ ಒಂದು ಸುತ್ತಿಗೆ ಅರ್ಧ ಸಮಯ ಸಿಕ್ಕರೆ ಸುತ್ತುಗಳು ಎರಡು ಪಟ್ಟಾಗುತ್ತವೆ. ಬಿ.ಇಡಿ. ಮಾಡಿ ಮೂರು ದಶಕ ವಿಜ್ಞಾನ ಕಲಿಸಿದವನು ಇಷ್ಟನ್ನು ಯೋಚಿಸಲಿಲ್ಲ. ಹದಿನಾಲ್ಕರ ಹುಡುಗ ಯೋಚಿಸಿದ್ದ.

ಹಾಗಾದರೆ ನನ್ನ ಕಾರು ಥರ್ಮೋಸ್ಟಾಟ್ ಕಿತ್ತ ಮೇಲೆ ಕಾದದ್ದೇಕೆ? ಅದಕ್ಕೂ ಅವನೇ ಉತ್ತರ ಹೇಳಿದ. ಹಲವು ಎಂಜಿನ್ನುಗಳಲ್ಲಿ ರೇಡಿಯೇಟರನ್ನು ಮುಟ್ಟದೆ ನೀರನ್ನು ಒಳಗೊಳಗೇ ಸುತ್ತಿಸುವ ಒಂದು ಅಡ್ಡದಾರಿ ಇರುತ್ತದೆ. ಥರ್ಮೋಸ್ಟಾಟು ತೆರೆದಾಗ ಅದರ ತಳದಲ್ಲಿರುವ ಇನ್ನೊಂದು ಬಿಲ್ಲೆ ಆ ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ಕಿತ್ತರೆ ಅಡ್ಡದಾರಿ ಸದಾ ತೆರೆದಿರುತ್ತದೆ. ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಬಿಸಿಬಿಸಿಯಾಗಿ ಎಂಜಿನ್ನಿಗೆ ಮರಳುತ್ತದೆ. ಅಲ್ಲದೆ ಥರ್ಮೋಸ್ಟಾಟಿನ ಅಡ್ಡಿಯಿಂದ ಎಂಜಿನ್ನಿನೊಳಗೆ ನೀರಿನ ಒತ್ತಡ ತುಸು ಹೆಚ್ಚಾಗಿದ್ದು, ಕಾದ ಲೋಹದ ಮೈಮೇಲೆ ಆವಿಯ ಗುಳ್ಳೆಗಳು ಏಳದಂತೆ ತಡೆಯುತ್ತದೆ. ಜನ ಕಂಡದ್ದು ನಿಜ, ಕೊಟ್ಟುಕೊಂಡ ಕಾರಣ ಸುಳ್ಳು. ಬಿಸಿಲ ನಾಡಿಗೆಂದು ಕಡಿಮೆ ಉಷ್ಣತೆಗೆ ತೆರೆಯುವ ಥರ್ಮೋಸ್ಟಾಟನ್ನು ಕೊಳ್ಳುವುದೂ ಇಂಥದೇ ಭ್ರಮೆ. ಅದು ಎಷ್ಟಕ್ಕೆ ತೆರೆಯಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತದೆ. ಪೂರ್ತಿ ತೆರೆದ ಮೇಲೆ 71ರದ್ದೂ ಒಂದೇ, 88ರದ್ದೂ ಒಂದೇ.

ಆ ಹುಡುಗನ ಪ್ರಶ್ನೆಗೂ ಈ ಕೆಂಪು ಕಾರಿಗೂ ಇರುವ ಸಂಬಂಧವನ್ನು ಅವನು ಕೊನೆಗೆ ತೋರಿಸಿದ. ಈ ಕಾರಿನ ಎಂಜಿನ್ನು ಮೂಲತಃ ಮಾಜ್ದಾ 323 ಎಂಬ ಸಂಸಾರಿಗರ ಕಾರಿಗೆಂದು ರೂಪಿಸಿದ್ದು. ಅದರಲ್ಲಿ ಎಂಜಿನ್ನು ಅಡ್ಡಲಾಗಿ ಕೂರುತ್ತದೆ; ಪಂಪು ಒಂದು ತುದಿಯಲ್ಲಿ, ನೀರು ಹೊರಬೀಳುವ ಬಾಯಿ ಇನ್ನೊಂದು ತುದಿಯಲ್ಲಿ. ಹೀಗಾಗಿ ನೀರು ನಾಲ್ಕೂ ಸಿಲಿಂಡರುಗಳನ್ನು ಹಾದೇ ಹೊರಬರಬೇಕು. ಅದೇ ಎಂಜಿನ್ನನ್ನು ಮಿಯಾಟಾದಲ್ಲಿ ಉದ್ದುದ್ದ ಕೂರಿಸಿದಾಗ ಆ ಇನ್ನೊಂದು ತುದಿ ಪ್ರಯಾಣಿಕರ ಕಡೆಯ ಗೋಡೆಗೆ ಅಂಟಿಕೊಂಡಂತಾಯಿತು, ಅಲ್ಲಿ ಜಾಗವಿಲ್ಲ. ಆದ್ದರಿಂದ ಥರ್ಮೋಸ್ಟಾಟನ್ನು ಮುಂಭಾಗಕ್ಕೆ, ಪಂಪು ಇರುವ ತುದಿಗೇ ತಂದರು. ಈಗ ನೀರು ಮುಂದಿನಿಂದಲೇ ಹೊಕ್ಕು ಮುಂದಿನಿಂದಲೇ ಹೊರಬರುತ್ತದೆ. ಹಿಂದಿನ ಸಿಲಿಂಡರಿಗೆ, ಅಂದರೆ ನಾಲ್ಕನೆಯದಕ್ಕೆ, ಹರಿವು ಕಡಿಮೆ. ಕೊನೆಯ ಬೆಂಚಿನ ವಿದ್ಯಾರ್ಥಿಯಂತೆ! ಹಿಂಭಾಗದಿಂದ ಹೀಟರಿಗೆ ಹೋಗುವ ಒಂದು ಸಣ್ಣ ಕೊಳವೆಯಿರುವುದರಿಂದ ಅಷ್ಟಿಷ್ಟು ನೀರು ಅಲ್ಲಿಯೂ ಚಲಿಸುತ್ತದೆ. ಸಾಮಾನ್ಯ ಬಳಕೆಗೆ ಈ ವ್ಯವಸ್ಥೆ ಸಾಕಾಗಿತ್ತೆಂಬುದಕ್ಕೆ ಇಂದಿಗೂ ಓಡುತ್ತಿರುವ ಅಸಂಖ್ಯಾತ ಕಾರುಗಳೇ ಸಾಕ್ಷಿ. ಆದರೆ ಟರ್ಬೊ ಜೋಡಿಸುವವರೂ ಓಟದ ಮೈದಾನಕ್ಕೆ ಇಳಿಯುವವರೂ ಥರ್ಮೋಸ್ಟಾಟನ್ನು ಮತ್ತೆ ಹಿಂಭಾಗಕ್ಕೆ ಒಯ್ದು, ಅಲ್ಲಿಂದ ಎಂಜಿನ್ನಿನ ಮಗ್ಗುಲಲ್ಲಿ ಉದ್ದನೆಯ ಕೊಳವೆಯೊಂದನ್ನು ರೇಡಿಯೇಟರಿಗೆ ಎಳೆಯುತ್ತಾರೆ.

ಇದರ ಅಗತ್ಯದ ಬಗ್ಗೆ ನಮ್ಮಿಬ್ಬರಿಗೂ ವಾದವಾಯಿತು. ಟರ್ಬೊ ಇಲ್ಲದ, ರಸ್ತೆಯಲ್ಲಿ ಮಾತ್ರ ಓಡುವ ಕಾರಿಗೆ ಇದು ಅತಿಯಾಯಿತೆಂದು ನನ್ನ ಅಭಿಪ್ರಾಯ; ಇಂದಿಗೂ ಅದೇ. ತಟ್ಟೆ, ಫೋಮು, ಮುಚ್ಚಳ, ಸರಿಯಾದ ದ್ರವ, ಮುಪ್ಪಾಗದ ರೇಡಿಯೇಟರು ಇಷ್ಟಿದ್ದರೆ ಫೀನಿಕ್ಸಿನಲ್ಲಿಯೂ ಸಾಕು. ದಪ್ಪ ರೇಡಿಯೇಟರನ್ನು ಮೊದಲು ಕೊಂಡದ್ದೇ ತಲೆಕೆಳಗಾದ ಕ್ರಮ. ಆದರೆ ಚಳಿಗಾಲದಲ್ಲಿ ಅವನು ಕಾರನ್ನು ಓಟದ ಮೈದಾನಕ್ಕೂ ಒಯ್ಯುತ್ತಾನೆ. ಅಲ್ಲಿ ಅರ್ಧ ಗಂಟೆ ಎಂಜಿನ್ನು ಪೂರ್ಣಶಕ್ತಿಯಲ್ಲಿರುತ್ತದೆ. “ಕೊನೆಯವನಿಗೂ ತಂಪು ನೀರು ಸಿಗಲಿ ಸರ್” ಎಂದು ನಕ್ಕ. ನಾನು ಬಾಯಿ ಮುಚ್ಚಿಕೊಂಡು ಟಾರ್ಚು ಹಿಡಿದೆ.

ಕೆಲಸ ಮುಗಿದ ವಾರ, ಆಗಸ್ಟ್ ತಿಂಗಳ ಮೊದಲ ಶನಿವಾರ, ಮಗಳ ಮಾತನ್ನು ಮೀರಿ ನಾನು ಆ ಕಾರಿನಲ್ಲಿ ಕುಳಿತೆ. ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟಿ ಸನ್‌ಸೆಟ್ ಪಾಯಿಂಟಿನತ್ತ ಏರುವ ಆ ದೀರ್ಘ ಘಟ್ಟದಲ್ಲಿ ಏಸಿ ಹಾಕಿಯೇ ಹೋದೆವು. ಬಲಬದಿಯಲ್ಲಿ ಮೂರು ಕಾರುಗಳು ಬಾನೆಟ್ ತೆರೆದುಕೊಂಡು ನಿಂತಿದ್ದವು. ನಮ್ಮ ಮಾಪಕ 97ಕ್ಕೆ ಏರಿ ಅಲ್ಲಿಯೇ ನಿಂತಿತು. ಮೇಲೆ ತಲುಪಿ ನೆರಳಿನಲ್ಲಿ ನಿಲ್ಲಿಸಿದ ಮೇಲೆ ನನ್ನನ್ನು ಎಬ್ಬಿಸಲು ಕ್ರೇನು ಬೇಕಾಗಲಿಲ್ಲ, ಆದರೆ ಅವನ ಎರಡೂ ಕೈಗಳು ಬೇಕಾದವು. ಅಲ್ಲಿಯೇ, ಬೆಂಚಿನ ಮೇಲೆ ಕುಳಿತು, ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತೆಂದು ಅವನಿಗೆ ಹೇಳಿದೆ. ಅವನು “ಇರಲಿ ಬಿಡಿ ಸರ್” ಎಂದು ನೀರಿನ ಬಾಟಲಿಯನ್ನು ಕೊಟ್ಟ.

1991ರ ಒಂಬತ್ತನೇ ತರಗತಿಯ ನೋಟುಪುಸ್ತಕ ನಿಮ್ಮಲ್ಲಿ ಯಾರ ಬಳಿಯಾದರೂ, ಅಟ್ಟದ ಮೇಲೋ ಟ್ರಂಕಿನಲ್ಲೋ ಉಳಿದಿದ್ದರೆ, ಉಷ್ಣದ ಪಾಠದಲ್ಲಿ ನೀರು ನಿಧಾನವಾಗಿ ಹರಿದಷ್ಟೂ ಯಂತ್ರ ಹೆಚ್ಚು ತಂಪಾಗುತ್ತದೆ ಎಂಬ ವಾಕ್ಯವೊಂದಿದೆ. ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಹೆಸರನ್ನು ಬರೆಯಿರಿ.